ಮಂಗಳವಾರದವರಿಗೊಂದು ಬಹಿರಂಗ ಪತ್ರ

ಆನವಟ್ಟಿ, ಬುಧವಾರ

ಸನ್ಮಾನ್ಯ ಮಂಗಳವಾರದವರೇ,

ನಿನ್ನೆ ಸಂಜೆ ಬಸ್ಸಿಳಿದಾಗಿನಿಂದ ಈ ಕಾಗದ ಬರೆಯಲು ಕೈ ಕಡಿಯುತ್ತಿದೆ. ರಾತ್ರಿಯೇ ಕೂತಿದ್ದರೆ ಬರೀ ಬೈಗುಳ ಆಗುತ್ತಿತ್ತು. ಬೆಳಿಗ್ಗೆ ಅಂಗಡಿ ತೆಗೆದು, ಇವತ್ತು ಕೊಡಬೇಕಾದ ಬ್ಲೌಸುಗಳಿಗೆ ಹುಕ್ಕು ಹಾಕಿ, ಸಿಟ್ಟು ಇಳಿಯಲಿ ಅಂತ ಕಾದೆ. ಇಳಿದಂತೆ ಕಾಣುವುದಿಲ್ಲ. ಹೊಲಿಗೆ ಮಷಿನ್ನಿನ ಮೇಲೆಯೇ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಅತ್ತಿತ್ತ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಯಾರಿಗೆ ಬರೆಯಬೇಕು ಅನ್ನುವುದೇ ಮೊದಲು ತಲೆ ತಿಂದ ಪ್ರಶ್ನೆ. ಇಲಾಖೆಗೆ ಬರೆದರೆ ಹಿಂಬರಹ ಬರುತ್ತದೆ, ಕೆಲಸ ಆಗುವುದಿಲ್ಲ. ಡಾಕ್ಟರಿಗೆ ಬರೆಯೋಣ ಅಂದರೆ ಅವರಿಗೆ ಉಸಿರು ಬಿಡಲೂ ಪುರುಸೊತ್ತಿಲ್ಲ. ಮಗಳನ್ನು ಮನಸ್ಸಿನ ಡಾಕ್ಟರಿಗೆ ತೋರಿಸಬೇಕು, ಎಲ್ಲಿಗೆ ಹೋಗಲಿ ಅಂತ ಕೇಳಿದಾಗ ಆಶಾ ಕಾರ್ಯಕರ್ತೆಯಿಂದ ಹಿಡಿದು ಮೆಡಿಕಲ್ ಶಾಪಿನವರ ತನಕ ಎಲ್ಲರ ಬಾಯಲ್ಲೂ ಬಂದದ್ದು ತಮ್ಮ ಹೆಸರೇ. "ಮಂಗಳವಾರ ಹೋಗಿ ಅಕ್ಕಾ." ಯಾವ ಊರಿಗೆ, ಯಾವ ರೂಮಿಗೆ, ಯಾರ ಹತ್ತಿರ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ವಾರ ಮಾತ್ರ ಎಲ್ಲರಿಗೂ ಬಾಯಿಪಾಠ. ಹಾಗಾಗಿ ಜವಾಬ್ದಾರರು ತಾವೇ ಅಂತ ತೀರ್ಮಾನಿಸಿದೆ.

ತಮ್ಮ ಹಿರಿಮೆ ನನಗೆ ಗೊತ್ತಿಲ್ಲದ್ದಲ್ಲ. 2014ರಲ್ಲಿ ನಮ್ಮ ರಾಜ್ಯದಲ್ಲಿ 'ಮನೋಚೈತನ್ಯ' ಕಾರ್ಯಕ್ರಮ ಶುರುವಾಯಿತು. ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನು ನೋಡಬೇಕು ಅಂತ ಏರ್ಪಾಡಾಯಿತು. ಅದಕ್ಕೆ ಸೂಪರ್ ಟ್ಯೂಸ್‌ಡೇ ಕ್ಲಿನಿಕ್ ಅಂತ ಹೆಸರು. ವಾರದ ಉಳಿದ ಆರು ಮಂದಿಗೆ ಸಿಗದ ಬಿರುದು. ವ್ಯಂಗ್ಯ ಬಿಟ್ಟು ಹೇಳುತ್ತೇನೆ, ಯೋಚನೆ ಒಳ್ಳೆಯದೇ. ಅದಕ್ಕೂ ಮುಂಚೆ ನಮ್ಮ ಕಡೆಯವರಿಗೆ ಇದ್ದದ್ದು ಒಂದೋ ಶಿವಮೊಗ್ಗ, ಇಲ್ಲವೋ ಧಾರವಾಡ. ಧಾರವಾಡದ ಆಸ್ಪತ್ರೆ 1845ರಷ್ಟು ಹಳೆಯದು. ಊರಲ್ಲಿ ಯಾರಾದರೂ ಸ್ವಲ್ಪ ಬೇರೆ ಥರ ಮಾತಾಡಿದರೆ "ಇವನನ್ನ ಧಾರವಾಡಕ್ಕೆ ಕಳಿಸ್ಬೇಕು" ಅನ್ನುವುದು ಇವತ್ತಿಗೂ ನಿಂತಿಲ್ಲ. ಆದರೆ ತಿಂಗಳಿಗೆ ತಾವು ಬರುವುದು ನಾಲ್ಕು ಸಲ, ಹೆಚ್ಚೆಂದರೆ ಐದು. ನಮ್ಮ ಶಿವಮೊಗ್ಗ ಜಿಲ್ಲೆಗೆ ತಾಲೂಕು ಏಳು. ಯಾವ ಮಂಗಳವಾರ ಯಾವ ತಾಲೂಕಿನದು ಅಂತ ತಿಳಿಯಲು ಪಂಚಾಂಗದವರನ್ನೇ ಕೇಳಬೇಕೇನೋ.

ಇನ್ನು ನಮ್ಮ ಅತ್ತೆ. ಮಂಗಳವಾರ ಹೊಸದೇನನ್ನೂ ಶುರು ಮಾಡಬಾರದು ಅನ್ನುವುದು ಅವರ ಕಾಯಿದೆ. ಉಗುರು ತೆಗೆಯಬಾರದು, ದುಡ್ಡು ಕೊಡಬಾರದು, ಡಾಕ್ಟರನ್ನು ಹೊಸದಾಗಿ ಹಿಡಿಯಲೇಬಾರದು. ಮಾಡುವುದಿದ್ದರೆ ಚಂದ್ರಗುತ್ತಿಗೆ ಹೋಗಿ ರೇಣುಕಾಂಬೆಗೆ ಹಣ್ಣುಕಾಯಿ ಮಾಡಿಸಬಹುದು, ಅಮ್ಮನವರಿಗೆ ಮಂಗಳವಾರ ಪ್ರಶಸ್ತ. ಹೀಗೆ ಒಂದೇ ದಿನಕ್ಕೆ ದೇವಿಯೂ ಬೇಕು, ಸರ್ಕಾರವೂ ಬೇಕು ಅಂತಾಯಿತು. ಕಟಿಂಗ್ ಶಾಪಿನವರು ಬುದ್ಧಿವಂತರು, ಆ ದಿನ ಅಂಗಡಿಯನ್ನೇ ತೆಗೆಯುವುದಿಲ್ಲ. ಕೂದಲು ಕತ್ತರಿಸುವವರಿಗೆ ರಜೆ, ಕೂದಲು ಕೀಳುವ ನನ್ನ ಮಗಳಿಗೆ ಹಾಜರಿ.

ಹೌದು, ವಿಷಯ ಅದೇ. ನನ್ನ ಮಗಳು ಹತ್ತನೇ ಕ್ಲಾಸು. ಹುಬ್ಬಿನ ಕೂದಲು ಕೀಳುತ್ತಾಳೆ. ಓದುತ್ತಾ ಕೂತರೆ ಎಡಗೈ ತಾನಾಗಿಯೇ ಮೇಲೆ ಹೋಗುತ್ತದೆ, ಹೆಬ್ಬೆರಳೂ ತೋರುಬೆರಳೂ ಒಂದೊಂದೇ ಕೂದಲು ಹುಡುಕುತ್ತವೆ, ನೋಟ್‌ಬುಕ್ಕಿನ ಮಡಿಕೆಯಲ್ಲಿ ಸಣ್ಣ ಸಣ್ಣ ಕಪ್ಪು ಗೆರೆಗಳು ಬಿದ್ದಿರುತ್ತವೆ. ಎಡ ಹುಬ್ಬು ಅರ್ಧ ಇಲ್ಲ. ಪಕ್ಕದ ಮನೆಯವರು "ಐಬ್ರೋ ಎಲ್ಲಿ ಮಾಡಿಸ್ದೆ ಕೂಸೇ, ಒಂದು ಕಡೆ ಜಾಸ್ತಿ ತೆಗೆದಿದಾಳಲ್ಲ" ಅಂತ ಪಾರ್ಲರಿನವಳಿಗೆ ಬೈದರು. ಅತ್ತೆ ದೃಷ್ಟಿ ಅಂದರು, ನಿಂಬೆಹಣ್ಣು ಇಳಿಸಿದರು. ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ಮುಲಾಮು ಹಚ್ಚಿದ ಜಾಗದಲ್ಲೇ ಮತ್ತೆ ಕಿತ್ತಳು. ಇದಕ್ಕೊಂದು ಉದ್ದದ ಹೆಸರಿದೆಯಂತೆ, ಟ್ರೈಕೊಟಿಲೊಮೇನಿಯಾ. 1889ರಲ್ಲಿ ಫ್ರಾನ್ಸಿನ ಹಾಲೊಪೊ ಅನ್ನುವವರು ಇಟ್ಟ ಹೆಸರು. ಅವರೂ ಚರ್ಮದ ಡಾಕ್ಟರೇ! ಮೊದಲು ಚರ್ಮದವರ ಹತ್ತಿರ ಓಡುವುದು ಆನವಟ್ಟಿಯವರು ಮಾತ್ರ ಅಲ್ಲ ಅಂತ ಸ್ವಲ್ಪ ಸಮಾಧಾನವಾಯಿತು.

ಒಂದು ರಾತ್ರಿ ನಾನು ಸೀರೆಗೆ ಫಾಲ್ಸ್ ಹಾಕುತ್ತಿದ್ದಾಗ ಅವಳೇ ಬಂದು ಕೂತಳು. "ಅಮ್ಮಾ, ನಾನು ಬೇಕಂತ ಮಾಡ್ತಿಲ್ಲ. ನಿಲ್ಸಕ್ಕೆ ಆಗ್ತಿಲ್ಲ. ಯಾರಿಗಾದ್ರೂ ತೋರ್ಸು" ಅಂದಳು. ಹದಿನೈದು ವರ್ಷದ ಹುಡುಗಿ ಬಾಯಿ ಬಿಟ್ಟು ಇಷ್ಟು ಹೇಳುವುದಕ್ಕೆ ಎಷ್ಟು ದಿನ ಒಳಗೇ ಲೆಕ್ಕ ಹಾಕಿರುತ್ತಾಳೋ. ಮಕ್ಕಳ ಮನಸ್ಸಿನ ಚಿಕಿತ್ಸೆ ನಿಜವಾಗಿ ಶುರುವಾಗುವುದು ಅಲ್ಲಿ. ಆ ಕ್ಷಣಕ್ಕೆ ಸರಿಯಾಗಿ ಒಬ್ಬರು ಕೂತು ಕೇಳಿದರೆ ಅರ್ಧ ದಾರಿ ಕ್ರಮಿಸಿದ ಲೆಕ್ಕ. ನಾನು ಏನು ಹೇಳಿದೆ? "ಮಂಗಳವಾರ ಹೋಗೋಣ ಪುಟ್ಟಿ."

ಆ ಮಂಗಳವಾರ ಬೇರೆ ತಾಲೂಕಿನದಾಗಿತ್ತು. ನಮ್ಮದು ಅಂತ ಗೊತ್ತಾದ ಮಂಗಳವಾರ ಡಾಕ್ಟರು ಅಂಗವಿಕಲರ ಸರ್ಟಿಫಿಕೇಟಿನ ಕೆಲಸದಲ್ಲಿದ್ದರು. ಯಾವ ಆಸ್ಪತ್ರೆ ಅಂತ ನಾನು ಹೇಳುವುದಿಲ್ಲ. ಆನವಟ್ಟಿಯಿಂದ ಸೊರಬ, ಶಿಕಾರಿಪುರ, ಹಾನಗಲ್ಲು ಎಲ್ಲದಕ್ಕೂ ಬಸ್ಸಿದೆ, ಊಹೆ ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ಶಕ್ತಿ ಯೋಜನೆ ಬಂದಾಗಿನಿಂದ ಕೆಂಪು ಬಸ್ಸಲ್ಲಿ ನಮಗಿಬ್ಬರಿಗೂ ಶೂನ್ಯ ಟಿಕೆಟ್. ಬಸ್ಸು ಬಿಟ್ಟಿ, ಓಪಿಡಿಯೂ ಹೆಚ್ಚುಕಮ್ಮಿ ಬಿಟ್ಟಿ, ಡಾಕ್ಟರು ಸಿಗದಿದ್ದದ್ದೂ ಬಿಟ್ಟಿಯಾಗಿಯೇ. ಅಂಗಡಿ ಮುಚ್ಚಿದ ಕೂಲಿ ಮಾತ್ರ ನನ್ನದು.

ನಡುವೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾದದ್ದು, ಹಗಲೂ ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಅದಕ್ಕೆ ವಾರ ಇಲ್ಲ ಅನ್ನುವುದು ತಮ್ಮ ಗಮನಕ್ಕೆ. ಫೋನೆತ್ತಿದ ಹುಡುಗಿ ನಿಧಾನವಾಗಿ ಹೇಳಿದಳು: ಇದು ಹಟವಲ್ಲ, ಬೈದರೆ ಹೆಚ್ಚಾಗುತ್ತದೆ, ಕೈ ಯಾವಾಗ ಹೋಗುತ್ತದೆ ಅಂತ ಮೊದಲು ಮಗುವೇ ಗುರುತಿಸುವುದನ್ನು ಕಲಿಯಬೇಕು, ಹೋಗುವ ಮುಂಚೆ ಮುಷ್ಟಿ ಬಿಗಿ ಹಿಡಿಯುವಂಥ ಬೇರೊಂದು ಕೆಲಸವನ್ನು ಕೈಗೆ ಕೊಡಬೇಕು, ಇದನ್ನು ಕಲಿಸುವವರ ಎದುರು ಕೆಲವು ವಾರ ಕೂರಬೇಕು. ಮಾತ್ರೆಯೊಂದರಿಂದ ಆಗುವಂಥದ್ದಲ್ಲ. ಮಗಳೂ ಮಾತಾಡಿದಳು, ಎಲ್ಲಿಂದ ಗೊತ್ತೇ? ಹಿತ್ತಲ ಬಚ್ಚಲಿಂದ. ಮನೆಯಲ್ಲಿರುವುದು ಎರಡು ರೂಮು, ಅತ್ತೆಯ ಕಿವಿ ಚುರುಕು. ಬಚ್ಚಲಲ್ಲಿ ಚಿಲಕ ಇದೆ, ನೆಟ್‌ವರ್ಕ್ ಸರಿಯಾಗಿ ಇಲ್ಲ. ಅಂಗಳದಲ್ಲಿ ನೆಟ್‌ವರ್ಕ್ ಇದೆ, ಚಿಲಕ ಇಲ್ಲ.

ಚಿಲಕ ಅಂದೆನಲ್ಲ. ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ. ಉಳಿದದ್ದೆಲ್ಲ ನಾನು ಮರೆತರೂ ಮರೆತೇನು, ಇದನ್ನು ಮರೆಯುವುದಿಲ್ಲ.

ನಿನ್ನೆ ತಾವೂ ಇದ್ದಿರಿ, ಡಾಕ್ಟರೂ ಇದ್ದರು. ಒಂದು ಟೇಬಲ್ಲು. ಅದರ ಮಗ್ಗುಲಿಗೇ ಬೆಂಚು. ಬೆಂಚಿನ ಮೇಲೆ ಮುಂದಿನ ಸರದಿಯವರು, ಅವರ ಹಿಂದೆ ಅದರ ಮುಂದಿನ ಸರದಿಯವರು. ಬಾಗಿಲು ಇರುವ ಜಾಗದಲ್ಲಿ ಚೌಕಟ್ಟು ಮಾತ್ರ. ಸರ್ಟಿಫಿಕೇಟಿಗೆ ಬಂದವರು, ಹಳೇ ಚೀಟಿಗೆ ಅದೇ ಮಾತ್ರೆ ಬರೆಸುವವರು, ಕುಡಿತ ಬಿಡಿಸಲು ಅಣ್ಣನನ್ನು ಎಳೆದು ತಂದವರು, ಎಲ್ಲರೂ ಮೊಣಕೈ ದೂರದಲ್ಲಿ. ಅವರಲ್ಲಿ ಒಬ್ಬರು ನನ್ನ ಮಗಳ ಕ್ಲಾಸಿನ ಹುಡುಗಿಯ ತಾಯಿ. ಸಿಸ್ಟರು ಬಂದು "ಹುಬ್ಬು ತೋರ್ಸಮ್ಮಾ, ಡಾಕ್ಟ್ರ ಹತ್ರ ಎಂತ ನಾಚಿಕೆ" ಅಂತ ಗಟ್ಟಿಯಾಗಿ ಹೇಳಿ ಮಗಳ ಮುಂಗುರುಳನ್ನು ತಾವೇ ಸರಿಸಿದರು. ಬೆಂಚಿನವರೆಲ್ಲ ಬಗ್ಗಿ ನೋಡಿದರು. ಡಾಕ್ಟರು ಚೀಟಿಯಿಂದ ತಲೆ ಎತ್ತದೆ, "ಓದೋ ಟೆನ್ಷನ್ನಾ, ಇಲ್ಲಾ ಲವ್ವು ಗಿವ್ವು ಏನಾದ್ರೂ?" ಅಂದರು. ಬೆಂಚು ನಕ್ಕಿತು. ನನ್ನ ಮಗಳು ಸ್ಪಷ್ಟವಾಗಿ, ನೆಲ ನೋಡಿಕೊಂಡು, "ತಲೆನೋವು ಸರ್" ಅಂದಳು.

ತಲೆನೋವಿಗೆ ಮಾತ್ರೆ ಬರೆದರು. ಮುಂದಿನವರನ್ನು ಕರೆದರು.

ಬಸ್ಸಿನಲ್ಲಿ ಕೇಳಿದೆ, ಯಾಕೆ ಹಾಗಂದೆ ಅಂತ. "ಅಷ್ಟು ಜನರೆದುರು ಇನ್ನೆಂತ ಹೇಳ್ಲಿ?" ಅಂದಳು. ಇನ್ನು ಎಲ್ಲಿಗೂ ಬರುವುದಿಲ್ಲ ಅಂತಲೂ ಅಂದಳು. ಶಿರಾಳಕೊಪ್ಪದ ಕಡೆಯಿಂದ ಹತ್ತಿದವರೊಬ್ಬರು ಸೀಟು ಕೇಳಿದರು, ಅಲ್ಲಿಗೆ ನಮ್ಮ ಮಾತು ನಿಂತಿತು.

ಮಾನ್ಯರೇ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂತ ಒಂದಿದೆ. ವಕೀಲರ ಮನೆಯ ಜಾಕೀಟು ಹೊಲಿಯುವವಳು ನಾನು, ಕೂಲಿಯ ಬದಲು ಓದಿ ಹೇಳಿಸಿಕೊಂಡೆ. ಅದರ 18ನೇ ಕಲಮಿನಲ್ಲಿ, ಮಕ್ಕಳಾಗಲಿ ಮುದುಕರಾಗಲಿ ಚಿಕಿತ್ಸೆಗೆ ಬಹುದೂರ ಹೋಗುವ ಹಾಗಾಗಬಾರದು, ಇರುವಲ್ಲಿಗೆ ಹತ್ತಿರದಲ್ಲೇ ಸಿಗಬೇಕು ಅಂತಿದೆ. 23ನೇ ಕಲಮಿನಲ್ಲಿ ರೋಗಿಯ ವಿಷಯ ಗುಟ್ಟಾಗಿರಬೇಕು, ಅದು ಅವರ ಹಕ್ಕು ಅಂತಿದೆ. ದೂರದ ಮಾತು ಬಿಡಿ, ನಾವು ಅಭ್ಯಾಸವಾದವರು. ಆದರೆ ಗುಟ್ಟು? ನನ್ನದು ಬಸ್‌ಸ್ಟ್ಯಾಂಡ್ ಹತ್ತಿರದ ಹತ್ತಡಿ ಅಂಗಡಿ. ಬ್ಲೌಸಿಗೆ ಅಳತೆ ಕೊಡಲು ಬಂದವರಿಗೆ ನಾನು ಪರದೆ ಎಳೆಯುತ್ತೇನೆ. ರಾಡು, ಬಟ್ಟೆ, ರಿಂಗು ಸೇರಿ ಎಷ್ಟು ಖರ್ಚು ಬಂದೀತು? ಎದೆಸುತ್ತಳತೆಗೆ ಇರುವ ಮರ್ಯಾದೆ ಮನಸ್ಸಿಗೆ ಇಲ್ಲವೇ? ದರ್ಜಿ ಹೆಂಗಸಿಗೆ ತಿಳಿಯುವುದು ಒಂದು ಇಲಾಖೆಗೆ ತಿಳಿಯುವುದಿಲ್ಲ ಅಂದರೆ ಏನು ಹೇಳಲಿ.

ಅದಕ್ಕಿಂತ ಉರಿದದ್ದು ಇನ್ನೊಂದಿದೆ. ಹೊರಗೆ ಬಂದಾಗ ವರಾಂಡದ ಕೊನೆಯಲ್ಲಿ ಒಂದು ಬೋರ್ಡು ಕಂಡಿತು: ಸ್ನೇಹಾ ಕ್ಲಿನಿಕ್. ಹದಿಹರೆಯದ ಮಕ್ಕಳಿಗೆ ಅಂತಲೇ, 10ರಿಂದ 19 ವರ್ಷದವರಿಗೆ, ಕೇಂದ್ರದ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬಂದದ್ದು. ಆ ರೂಮಿಗೆ ಬಾಗಿಲಿತ್ತು! ಒಳ್ಳೆಯ ಗಟ್ಟಿ ಬಾಗಿಲು, ಚಿಲಕ, ಬೀಗ. ಕಿಟಕಿಯಿಂದ ಇಣುಕಿದೆ. ಸಲೈನ್ ಬಾಟಲಿಯ ರಟ್ಟಿನ ಡಬ್ಬಿಗಳು ಸೂರಿನ ತನಕ. ಕೀಲಿ ಇರುವವರು ರಜೆ ಮೇಲಿದ್ದಾರೆ ಅಂದರು. ಸಲೈನಿಗೆ ಯಾವ ಗುಟ್ಟು ಮಾರಾಯರೇ?

ನಮ್ಮ ಸೊರಬ ತಾಲೂಕನ್ನು ಆರೋಗ್ಯ ಇಲಾಖೆ ಕಾಣದ್ದೇನಲ್ಲ. ಕ್ಯಾಸನೂರು ನಮ್ಮದೇ. 1957ರಲ್ಲಿ ಅಲ್ಲಿನ ಕಾಡಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯಿಂದ ವಿಜ್ಞಾನಿಗಳು ಬಂದು, ಉಣುಗು ಹೆಕ್ಕಿ, ವೈರಸ್ಸು ಹಿಡಿದು, ಕಾಡಿನ ಹೆಸರನ್ನೇ ಕಾಯಿಲೆಗೆ ಇಟ್ಟರು. ಈಗಲೂ ಎಲ್ಲಾದರೂ ಸತ್ತ ಮಂಗ ಕಂಡರೆ ತಿಳಿಸಿ ಅನ್ನುತ್ತಾರೆ, ಬಂದು ಸುತ್ತ ಐವತ್ತು ಮೀಟರು ಉಣುಗು ಕೊಲ್ಲುವ ಪುಡಿ ಹಾಕುತ್ತಾರೆ. ಮಂಗ ಯಾವ ವಾರ ಸತ್ತಿತು ಅಂತ ಕೇಳುವುದಿಲ್ಲ. ಮಂಗಳವಾರದ ತನಕ ಕಾಯಿಸು ಅನ್ನುವುದಿಲ್ಲ. ಮಂಗನ ಕಾಯಿಲೆಗೆ ಇರುವ ಗತ್ತು ಮಗಳ ಕಾಯಿಲೆಗೆ ಯಾಕಿಲ್ಲ ಅಂದರೆ, ಮಗಳು ಬದುಕಿದ್ದಾಳಲ್ಲ, ಅದೇ ತಪ್ಪಿರಬೇಕು.

ಮನಸ್ಸಿನ ಮಾತು ಜಿಲ್ಲೆಗೆ ಹೊಸದೂ ಅಲ್ಲ. ಶಿವಮೊಗ್ಗದ ಡಾ. ಅಶೋಕ್ ಪೈ ಜೀವಮಾನವಿಡೀ ಇದನ್ನೇ ಜನರಿಗೆ ತಿಳಿಸುವ ಕೆಲಸ ಮಾಡಿದರು. ರಾಜ್ಯಕ್ಕೂ ಹೊಸದಲ್ಲ. ಜಿಲ್ಲೆಯ ಮಟ್ಟದಲ್ಲೇ ಮನೋರೋಗ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿದ್ದು 1980ರ ದಶಕದ ಬಳ್ಳಾರಿ. ನಿಮ್ಹಾನ್ಸ್‌ನವರು 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆ ಇದೆ ಅಂತ ಬಂತು. ಅಂದರೆ ಅರವತ್ತು ಮಕ್ಕಳ ಕ್ಲಾಸಿನಲ್ಲಿ ನಾಲ್ವರು. ತಮಾಷೆ ನೋಡಿ, ಸಮೀಕ್ಷೆ ನಡೆಸಿದವರು ಬೆಂಗಳೂರಿನವರು, ಎಣಿಸಿದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ನನ್ನ ಮಗಳ ಕ್ಲಾಸಿನ ಉಳಿದ ಮೂವರು ಯಾರು ಅಂತ ನಾನು ಹುಡುಕಲು ಹೋಗಿಲ್ಲ. ಅವರೂ ಎಲ್ಲೋ ಒಂದು ಬೆಂಚಿನೆದುರು ತಲೆನೋವು ಅಂದಿರುತ್ತಾರೆ.

ಕುಬಟೂರಿನಿಂದ ಒಬ್ಬರು, ಶಿಕಾರಿಪುರದಿಂದ ಇನ್ನೊಬ್ಬರು, ಹೀಗೆ ಎಡಬಲದಿಂದ ಬೆಂಗಳೂರಿಗೆ ಮುಖ್ಯಮಂತ್ರಿಗಳನ್ನೇ ಕಳಿಸಿಕೊಟ್ಟ ಸೀಮೆ ನಮ್ಮದು. ಬದಲಿಗೆ ನಾನು ಕೇಳುತ್ತಿರುವುದು ಒಂದು ಬಾಗಿಲು. ಹೊಸ ಆಸ್ಪತ್ರೆ ಬೇಡ, ಶಂಕುಸ್ಥಾಪನೆ ಬೇಡ, ತಮಗಿರುವ ಸೂಪರ್ ಬಿರುದಿನ ಮೇಲೆ ಇನ್ನೊಂದು ಬಿರುದೂ ಬೇಡ. ಮುಚ್ಚುವ ಬಾಗಿಲು, ಅದರೊಳಗೆ ಎರಡು ಕುರ್ಚಿ, ಒಂದರಲ್ಲಿ ಮಗು, ಇನ್ನೊಂದರಲ್ಲಿ ಅವಸರವಿಲ್ಲದ ಒಬ್ಬರು. ಬೇಕಾದರೆ ನಾನೂ ಹೊರಗೇ ಇರುತ್ತೇನೆ, ತಾಯಿಯಾದರೂ.

ಬಾಗಿಲಿಗೆ ಟೆಂಡರು, ಅಂದಾಜು ಪಟ್ಟಿ, ಮೇಲಿನವರ ಸಹಿ ಅಂತ ತಡ ಆಗುವುದಾದರೆ ಆ ಚೌಕಟ್ಟಿನ ಎತ್ತರ, ಅಗಲ ಅಳೆದು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಪರದೆ ನಾನು ಹೊಲಿದು ಕೊಡುತ್ತೇನೆ. ದಪ್ಪ ಬಟ್ಟೆ, ಒಳಗಡೆ ಅಸ್ತರು, ಮಾತು ಸ್ವಲ್ಪವಾದರೂ ತಡೆದೀತು. ಕೂಲಿ ಬೇಡ. ರಾಡೂ ಮೊಳೆಯೂ ತಮ್ಮ ಕಡೆಯಿಂದ ಆಗಲಿ. ಅವಸರ ಇದ್ದರೆ ಸೋಮವಾರದೊಳಗೆ ಬಂದು ಒಯ್ಯಿರಿ. ಮಂಗಳವಾರ ಅಂಗಡಿ ತೆಗೆದಿರುವುದಿಲ್ಲ, ಮಗಳು ಒಪ್ಪಿದರೆ ಶಿವಮೊಗ್ಗದ ಬಸ್ಸಿನಲ್ಲಿರುತ್ತೇನೆ.

ಇಂತಿ,
ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ