ಪಲ್ಲವಿಗೇ ಮಧ್ಯಾಹ್ನ

ನಾಲ್ಕು ನಿಮಿಷದ ಹಾಡು ನೋಡುವವರಿಗೆ ನಾಲ್ಕೇ ನಿಮಿಷ. ತೆಗೆಯುವವರಿಗೆ ಪಲ್ಲವಿ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಸಿನಿಮಾ ಕಲಿಯುತ್ತಿರುವ ನನ್ನ ತಂಗಿಯ ಮಗಳು ಅಭ್ಯಾಸಕ್ಕೆಂದು ಒಂದು ಹಾಡನ್ನು ನಮ್ಮ ಮನೆಯಲ್ಲಿ ತೆಗೆದ ಮೇಲೆ, ಟಿವಿಯಲ್ಲಿ ಹಾಡು ಬಂತೆಂದು ಎದ್ದು ಹೋಗಿ ಕಾಫಿಗಿಡುವ ನನ್ನ ರೂಢಿ ತಪ್ಪಿಹೋಗಿದೆ.

ಹಾಡು ಮೊದಲೇ ರೆಕಾರ್ಡ್ ಆಗಿರುತ್ತದೆ, ಸ್ಪೀಕರಿನಲ್ಲಿ ಹಾಕುತ್ತಾರೆ, ನಟನಿಗೆ ಬಾಯಾಡಿಸುವುದಷ್ಟೇ ಕೆಲಸ. ಸಂಕೋಚದ ಹುಡುಗನೊಬ್ಬ ಹಾಗೇ ಬರೀ ತುಟಿ ಆಡಿಸಿದ. ಮಾನಿಟರಿನಲ್ಲಿ ನೋಡಿದರೆ ಎಲೆಅಡಿಕೆ ಜಗಿಯುವವನ ಹಾಗಿದ್ದಾನೆ! ಗಂಟಲ ನರ ಬಿಗಿಯಬೇಕು, ಎದೆ ಏರಿಳಿಯಬೇಕು; ಅದಕ್ಕೆ ನಿಜವಾಗಿ ಹಾಡಲೇಬೇಕು. "ದೊಡ್ಡಮ್ಮ, ನೀವು ಸ್ವಲ್ಪ ಒಳಗಿರಿ, ಅವನಿಗೆ ನಾಚಿಕೆ" ಎಂದಳು. ಒಳಗೆ ಹೋದೆ. ಅಲ್ಲಿಗೂ ಕೇಳಿಸಿತು. ಅವನ ನಾಚಿಕೆಗೆ ಕಾರಣವಿತ್ತು.

ನಾನು ಬೆರಗಾದದ್ದು ಸ್ಲೋಮೋಷನ್ ಶಾಟಿಗೆ. ನಾಯಕಿಯ ಕೂದಲು ಮೆಲ್ಲಗೆ ಹಾರಬೇಕು, ತುಟಿ ಮಾತ್ರ ತಾಳ ತಪ್ಪಬಾರದು. ಅದಕ್ಕೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಸೆಕೆಂಡಿಗೆ 25ರ ಬದಲು 50 ಫ್ರೇಮು ತೆಗೆಯುತ್ತಾರೆ. ಆಮೇಲೆ 25ರ ವೇಗದಲ್ಲಿ ಓಡಿಸಿದರೆ ತುಟಿ ಹಾಡಿಗೆ ಕೂಡುತ್ತದೆ, ಕೂದಲು ತೇಲುತ್ತದೆ. ತೆರೆಯ ಮೇಲೆ ವಿರಹ. ನಮ್ಮ ಅಂಗಳದಲ್ಲಿ ಮಾತ್ರ ಆ ವಿರಹಿಣಿ ಉಸಿರು ಕಟ್ಟಿ ಹಾಡಿನ ಹಿಂದೆ ಓಡುತ್ತಿದ್ದಳು, ಎದುರಿಗೆ ಟೇಬಲ್ ಫ್ಯಾನು.

ನಡುಮನೆಯ ಟ್ಯೂಬ್‌ಲೈಟೂ ಕಾಟ ಕೊಟ್ಟಿತು. ನಮ್ಮ ಕರೆಂಟು 50 ಹರ್ಟ್ಸ್‌ನದು. ಶಟರನ್ನು ಸೆಕೆಂಡಿನ 60ನೇ ಒಂದು ಪಾಲಿಗಿಟ್ಟರೆ ಬೆಳಕು ಅಲುಗುತ್ತದೆ, 50ನೇ ಒಂದಕ್ಕೆ ತಂದರೆ ಸುಮ್ಮನಾಗುತ್ತದೆ.

ಕೊನೆಗೆ ನನ್ನ ಕೋಣೆಯ ನಿಲುಗನ್ನಡಿಯೂ ಅಂಗಳಕ್ಕೆ ಇಳಿಯಿತು. ಕೇಳಿದರೆ ವಿ.ಕೆ. ಮೂರ್ತಿಯವರ ಹೆಸರು ಹೇಳಿದರು. ಮೈಸೂರಿನ ಈ ಛಾಯಾಗ್ರಾಹಕ, 1959ರ 'ಕಾಗಜ್ ಕೆ ಫೂಲ್' ಚಿತ್ರದ ಹಾಡೊಂದಕ್ಕೆ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊದೊಳಗೆ ಹಾಯಿಸಿ ಬೆಳಕಿನ ಕೋಲನ್ನೇ ನಿಲ್ಲಿಸಿದವರು. ಅವರು ಪಿಟೀಲೂ ನುಡಿಸಬಲ್ಲವರಾಗಿದ್ದರು ಎಂಬುದು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಹಾಡು ತೆಗೆಯಲು ಕಣ್ಣೊಂದೇ ಸಾಲದು. ನಮ್ಮ ಹುಡುಗರ ಕನ್ನಡಿಗೆ ಮೋಡ ಅಡ್ಡ ಬಂತು, ಅದು ಬೇರೆ ಮಾತು. ಥರ್ಮಕೋಲ್ ಹಲಗೆ ಮಾನ ಉಳಿಸಿತು.

ಮಕ್ಕಳು ಹೀಗೆ ಮನೆ ಕೇಳಿಕೊಂಡು ಬಂದರೆ ಇಲ್ಲ ಅನ್ನಬೇಡಿ. ಅಕ್ಕಪಕ್ಕದವರಿಗೆ ಮಾತ್ರ ಮೊದಲೇ ಹೇಳಿಬಿಡಿ: ಒಂದೇ ಸಾಲು ಸಂಜೆಯವರೆಗೆ ಕೇಳಿಸುತ್ತದೆ, ಎರಡನೆಯ ಸಾಲು ಮರುದಿನ.