ಎಕ್ಸ್‌ಪೋರ್ಟ್ ಕ್ವಾಲಿಟಿ

ಅಮೆರಿಕದಿಂದ ಬಂದ ಅಂಗಿಯನ್ನು ನಮ್ಮವರು ಮೊದಲು ಮೂಸಿ ನೋಡುತ್ತಾರೆ. ಆಮೇಲೆ ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ, ಕಣ್ಣು ಅರೆಮುಚ್ಚಿ, "ಎಷ್ಟಾದ್ರೂ ಫಾರಿನ್ ಬಟ್ಟೆ ಫಾರಿನ್ ಬಟ್ಟೇನೇ ಬಿಡಿ" ಎಂದು ತೀರ್ಪು ಕೊಡುತ್ತಾರೆ. ಸಾಕ್ಷಿಯ ವಿಚಾರಣೆ ತೀರ್ಪಿನ ನಂತರ. ಮನೆಯ ತರಲೆ ಹುಡುಗನೊಬ್ಬ ಕಾಲರಿನ ಕೆಳಗಿನ ಚೀಟಿಯನ್ನು ಗಟ್ಟಿಯಾಗಿ ಓದಿಬಿಡುತ್ತಾನೆ: ಮೇಡ್ ಇನ್ ಇಂಡಿಯಾ. ಬೇರೆ ದೇಶದಲ್ಲಾಗಿದ್ದರೆ ಮುಖಭಂಗವಾಗುತ್ತಿತ್ತು. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿ ಬಂದ ನಮ್ಮ ಬೀದಿಯ ರಾಯರಿಗೆ ಕೂದಲೂ ಕೊಂಕುವುದಿಲ್ಲ. "ಅದು ಎಕ್ಸ್‌ಪೋರ್ಟ್ ಕ್ವಾಲಿಟಿ ಕಣೋ. ಇಲ್ಲಿ ಎಲ್ಲಿ ಸಿಗುತ್ತೆ?"

ರಾಯರು ಹೇಳುವುದು ಸುಳ್ಳಲ್ಲ, ಅದೇ ತಮಾಷೆ. ನೆಂಟರಿಗೆ ತುಪ್ಪದ ದೋಸೆ, ಮನೆಯವರಿಗೆ ಕಾವಲಿಗೆ ಅಂಟಿದ ದೋಸೆ ಎಂಬ ಏರ್ಪಾಟನ್ನು ಮನೆಯವರೇ ಹೆಮ್ಮೆಯಿಂದ ಬಣ್ಣಿಸುವ ಊರು ನಮ್ಮದು.

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ರಫ್ತಿನ ಅಂಗಿ ಹೇಗೆ ತಯಾರಾಗುತ್ತದೆಂದು ರಾಯರು ನೋಡಿಲ್ಲ. ಒಬ್ಬಾಕೆ ಕಾಲರ್ ಮಾತ್ರ ಕೂರಿಸುತ್ತಾಳೆ, ಪಕ್ಕದಾಕೆ ಕಫ್ ಮಾತ್ರ, ಆಚೆಯವಳು ದಿನವಿಡೀ ಜೇಬು. ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ನೆತ್ತಿಯ ಮೇಲೆ. ಇಷ್ಟು ಅವಸರದ ನಡುವೆ ಸೂಜಿ ಮುರಿಯಿತೋ, ಆ ಮಷೀನು ನಿಂತಿತು. ಮುರಿದ ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿ, ಸೂಜಿ ಪೂರ್ತಿಯಾಯಿತೆಂದು ತೋರಿಸಿ, ರಿಜಿಸ್ಟರಿಗೆ ಟೇಪಿನಲ್ಲಿ ಅಂಟಿಸಿದ ಮೇಲೆಯೇ ಹೊಸ ಸೂಜಿ. ಒಂದು ಮೊನೆ ಸಿಗದಿದ್ದರೆ ಸುತ್ತಲಿನ ಪೀಸುಗಳೆಲ್ಲ ತಪಾಸಣೆಗೆ. ಡಬ್ಬಿಗೆ ತುಂಬುವ ಮುಂಚೆ ಲೋಹ ಪತ್ತೆ ಮಾಡುವ ಯಂತ್ರದ ಬಾಯಿಗೆ ಕೊಟ್ಟು ತೆಗೆಯುವುದೂ ಉಂಟು. ಓಹಾಯೋದ ಮಗುವಿಗೆ ಸೂಜಿ ಚುಚ್ಚಬಾರದು. ಖಂಡಿತ ಚುಚ್ಚಬಾರದು. ಕೋಲಾರದ ಮಗುವಿನ ಚರ್ಮ ಸ್ವಲ್ಪ ದಪ್ಪ ಇರಬೇಕು.

ಈ ಹೆಂಗಸರು ಲಕ್ಷಗಟ್ಟಲೆ ಇದ್ದಾರೆಂಬುದು ಬೆಂಗಳೂರಿನ ಗಮನಕ್ಕೆ ಬಂದದ್ದು 2016ರ ಏಪ್ರಿಲ್‌ನಲ್ಲಿ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವ ತನಕ ಮುಟ್ಟುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಅವರು ಹೊಸೂರು ರಸ್ತೆಗೆ ಇಳಿದರು, ಎರಡನೇ ದಿನಕ್ಕೆ ದೆಹಲಿ ನಿಯಮವನ್ನು ಹಿಂದಕ್ಕೆ ಪಡೆಯಿತು. ನಗರದ ಸಭ್ಯರಿಗೆ ಅದರಲ್ಲಿ ಇಂದಿಗೂ ನೆನಪಿರುವುದು ಟ್ರಾಫಿಕ್ ಜಾಮ್. ಅಂದು ಕಾರಿನೊಳಗೆ ಕೂತು ಶಪಿಸುತ್ತಿದ್ದವರ ಮೈಮೇಲಿನ ಫಾರಿನ್ ಅಂಗಿ ಕಿಟಕಿಯಾಚೆ ತನ್ನ ತವರಿನವರನ್ನು ಗುರುತಿಸಿತೋ ಏನೋ, ಒಳಗಿದ್ದವರಂತೂ ಗುರುತಿಸಲಿಲ್ಲ.

ಇನ್ನು ನಮ್ಮೂರ ಅಂಗಡಿ. ಅಂಗಿಗೆ ಎಂಆರ್‌ಪಿ 2,999. ಎರಡು ಕೊಂಡರೆ ಮೂರು ಉಚಿತ. ಐದು ಅಂಗಿಯ ಚೀಲ ಹೊತ್ತು ಬರುವಾಗ ರಾಯರ ಮುಖದಲ್ಲಿ ದಿಗ್ವಿಜಯದ ಕಳೆ. ಮೊದಲ ಒಗೆತಕ್ಕೆ ಬಕೆಟ್ಟಿನ ನೀರು ನೀಲಿ, ಎರಡನೆಯದಕ್ಕೆ ಕಾಲರ್ ಸುರುಳಿ, ಮೂರನೆಯದಕ್ಕೆ ಅಂಗಿ ಮೊಮ್ಮಗನ ಅಳತೆಗೆ ಬರುತ್ತದೆ. ವಾಪಸ್ ಒಯ್ದರೆ ಕ್ಯಾಶ್ ಕೌಂಟರಿನ ಮೇಲೆ, ಲಕ್ಷ್ಮಿಯ ಫೋಟೋ ಪಕ್ಕದಲ್ಲೇ ಬೋರ್ಡು: ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಬಣ್ಣಕ್ಕೆ ಗ್ಯಾರಂಟಿ ಇಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ದೆಹಲಿಯಲ್ಲಿದೆ, ಬೋರ್ಡು ಚಿಕ್ಕಪೇಟೆಯಲ್ಲಿದೆ.

ನಮಗೆ ಬಟ್ಟೆ ನೋಡಲು ಬರುವುದಿಲ್ಲವೇ ಅಂದರೆ, ಅದೂ ಅಲ್ಲ. ಇದೇ ರಾಯರ ಮನೆಯವರು ಸೀರೆ ತರಲು ಹೋದಾಗ ನೋಡಬೇಕು. ಗಾದಿಯ ಎದುರು ಕೂತು ಅಂಗಡಿಯ ಅರ್ಧ ಸೀರೆ ಬಿಚ್ಚಿಸುತ್ತಾರೆ. ಸೆರಗು ಮಗುಚಿ ಹಿಂಬದಿಯ ಎಳೆ ನೋಡುತ್ತಾರೆ, ಜರಿಯನ್ನು ಉಗುರಲ್ಲಿ ಕೆರೆಯುತ್ತಾರೆ, ಬಾಗಿಲ ಬೆಳಕಿಗೆ ಒಯ್ದು ಬಣ್ಣ ಪರೀಕ್ಷಿಸುತ್ತಾರೆ. "ಇದು ಪ್ಯೂರ್ ಅಲ್ಲಪ್ಪ, ಬೇರೆ ತೋರಿಸು" ಅಂದಾಗ ಅಂಗಡಿಯವನು ತುಟಿಪಿಟಿಕ್ಕೆನ್ನದೆ ಒಳಗಿನ ಬೀರು ತೆಗೆಯುತ್ತಾನೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ರೇಷ್ಮೆ ಕಾರ್ಖಾನೆಯ ಸೀರೆಗೆ ಇವತ್ತಿಗೂ ಮಳಿಗೆಯ ಬಾಗಿಲು ತೆರೆಯುವ ಮುಂಚೆ ಸಾಲು ನಿಲ್ಲುವವರಿದ್ದಾರೆ. ಆ ಸೀರೆ ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿನ ಜೊತೆ ಸೂಟ್‌ಕೇಸಿನಲ್ಲಿ ಕೂತು ನ್ಯೂಜೆರ್ಸಿಗೂ ಹೋಗುತ್ತದೆ. ಕೊಳ್ಳುವವಳಿಗೆ ಕಣ್ಣಿದೆ, ಮಾರುವವನಿಗೆ ಅಳುಕಿದೆ. ಅಂಗಿಯ ವಿಷಯಕ್ಕೆ ಬಂದಾಗ ಮಾತ್ರ ಆ ಮನೆಯ ಕಣ್ಣಿಗೆ ಪೊರೆ. ಒಳಮಗ್ಗುಲು ತಿರುವಿ ಹೊಲಿಗೆ ಒತ್ತಾಗಿದೆಯೇ, ಗುಂಡಿ ಕೈಗೆ ಬರುವಂತಿದೆಯೇ ಎಂದು ನೋಡುವ ಗಂಡಸನ್ನು ನಾನಿನ್ನೂ ಕಂಡಿಲ್ಲ. ಅವನು ನೋಡುವುದು ಡಿಸ್ಕೌಂಟು ಎಷ್ಟು ಪರ್ಸೆಂಟ್ ಎಂದು.

ಅಮೆರಿಕಕ್ಕೆ ಹೋದರೆ ಅದೇ ಗಂಡಸಿನದು ಬೇರೆಯೇ ಅವತಾರ. ನ್ಯೂಜೆರ್ಸಿಯಲ್ಲಿ ಬಟ್ಟೆಬರೆಗೆ ಮಾರಾಟ ತೆರಿಗೆ ಇಲ್ಲ ಎಂಬುದು ರಾಯರಿಗೆ ಮಗುವಿನ ತೂಕಕ್ಕಿಂತ ಮೊದಲು ಗೊತ್ತಾದ ಸಂಗತಿ. ಶನಿವಾರ ಬಂತೆಂದರೆ ಅಳಿಯಂದಿರು ಕಾರು ತೆಗೆಯಬೇಕು, ಔಟ್‌ಲೆಟ್‌ಗೆ ಹೋಗಬೇಕು. ದೊಡ್ಡ ಬ್ರ್ಯಾಂಡಿನ ಮಾಲು ಮಿಕ್ಕಿದ್ದರಿಂದ ಅಗ್ಗಕ್ಕೆ ಕೊಡುತ್ತಾರೆಂದು ರಾಯರ ನಂಬಿಕೆ. ಎಷ್ಟೋ ಬ್ರ್ಯಾಂಡುಗಳು ಔಟ್‌ಲೆಟ್‌ಗೆಂದೇ ಬೇರೆ, ಕಡಿಮೆ ದರ್ಜೆಯ ಮಾಲು ಹೊಲಿಸುತ್ತವೆ. ಎಂದೂ ಯಾರೂ ಕೊಡದ ಬೆಲೆಯನ್ನು ಚೀಟಿಯಲ್ಲಿ ಅಚ್ಚು ಹಾಕಿ ಹೊಡೆದುಹಾಕಿರುತ್ತವೆ ಎಂಬ ದೂರು ಅಲ್ಲಿನದೇ. 2014ರಲ್ಲಿ ಅಮೆರಿಕದ ಸಂಸದರೇ ಕೆಲವರು ಇದನ್ನು ವಿಚಾರಿಸಿ ಎಂದು ಫೆಡರಲ್ ಟ್ರೇಡ್ ಕಮಿಷನ್‌ಗೆ ಪತ್ರ ಬರೆದಿದ್ದರು. ರಾಯರಿಗೆ ಹೇಳಿದರೆ, "ಮೋಸವಾದರೂ ಎಷ್ಟು ನೀಟಾಗಿ ಮಾಡ್ತಾರೆ ನೋಡಿ" ಅಂದರು.

ಅಲ್ಲಿನ ನಿಜವಾದ ಐಷಾರಾಮ ಬಟ್ಟೆಯದ್ದಲ್ಲ, ವಾಪಸಾತಿಯದ್ದು. ಕನ್ನಡ ಸಂಘದ ಯುಗಾದಿಗೆ ಬ್ಲೇಜರ್ ಕೊಂಡು, ಚೀಟಿಯನ್ನು ತೋಳಿನೊಳಗೆ ಮಡಚಿ, ಒಬ್ಬಟ್ಟಿನ ಎಲೆಯ ಮುಂದೆ ಉಸಿರು ಬಿಗಿಹಿಡಿದು ಕೂತು, ಸೋಮವಾರ ಅಂಗಡಿಗೆ ಹಿಂದಿರುಗಿಸಿ ಬರುವ ಜಾಣರಿದ್ದಾರೆ. ಕೌಂಟರಿನ ಹುಡುಗಿ ಕಾರಣ ಕೇಳುವುದಿಲ್ಲ, ನಗುತ್ತಲೇ ದುಡ್ಡು ಕೊಡುತ್ತಾಳೆ. ಕಾಯಿಸಾರಿನ ಕಲೆ ಮಾತ್ರ ಅವಳಿಗೆ ಅರ್ಥವಾಗುವುದಿಲ್ಲ.

2025ರ ಆಗಸ್ಟ್ ಕೊನೆಯಲ್ಲಿ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ರಾಯರು ನಿಜಕ್ಕೂ ಕಂಗಾಲಾದರು. ಆರ್ಡರ್ ತಪ್ಪಿದರೆ ಗಾರ್ಮೆಂಟ್ಸ್ ಹುಡುಗಿಯರ ಗತಿಯೇನು ಎಂದಲ್ಲ. "ಇನ್ನು ಅಲ್ಲಿ ಹೋಗಿ ತರೋದರಲ್ಲಿ ಏನು ಲಾಭ?"

ಅಲ್ಲಿಗೆ ಹೋಗಲಾಗದವರಿಗೆ ಇಲ್ಲೇ ಒಂದು ದಾರಿ ಉಂಟು: ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿ. ಹೊರದೇಶದ ಚೆಕ್ಕಿಂಗಿನಲ್ಲಿ ಫೇಲಾದದ್ದು, ಮಿಕ್ಕಿದ್ದು ಇಲ್ಲಿಗೆ ಬರುತ್ತವೆ, ಬ್ರ್ಯಾಂಡಿನ ಚೀಟಿಗೆ ಕತ್ತರಿ ಹಾಕಿಸಿಕೊಂಡು. ಆದರೆ ಅವರು ಬೇಡವೆಂದದ್ದಕ್ಕೆ ನಮ್ಮಲ್ಲಿ ಇಷ್ಟು ಗಿರಾಕಿ ಇರುವಾಗ ಫೇಲಾಗುವ ಮಾಲು ಎಲ್ಲಿ ಸಾಲಬೇಕು? ಹಾಗಾಗಿ ಕಡಲು ದಾಟುವ ಆಸೆಯೇ ಇಲ್ಲದ ಅಂಗಿಗೂ ದೊಡ್ಡ ಬ್ರ್ಯಾಂಡಿನ ಚೀಟಿ ಹೊಲಿದು, ಮರುಗಳಿಗೆಗೆ ಅದನ್ನು ಕತ್ತರಿಸಿ ರ್‍ಯಾಕಿಗೆ ಹಾಕುತ್ತಾರೆ. ಅನುಮಾನದಿಂದ ನೋಡಿದರೆ ಅಂಗಡಿಯ ಹುಡುಗ ಎದೆಯ ಮೇಲೆ ಕೈಯಿಟ್ಟು ಹೇಳುತ್ತಾನೆ: "ಸಾರ್, ಡೂಪ್ಲಿಕೇಟ್ ಅಲ್ಲ. ಒರಿಜಿನಲ್ ರಿಜೆಕ್ಟ್." ಗಿರಾಕಿ ಕಾಲರ್ ಮಡಚಿ, ಕತ್ತರಿ ಬಿದ್ದ ಗುರುತನ್ನು ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡಿಕೊಂಡು ಪರ್ಸ್ ತೆಗೆಯುತ್ತಾನೆ.