ದೆವ್ವಕ್ಕೂ ಒಂದು ಲೀಟರ್

ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ತುಳಿದು ಸರ್ಕಾರಿ ಶಾಲೆಯೊಂದರ ಗ್ರಂಥಾಲಯಕ್ಕೆ ದುಡ್ಡು ಎತ್ತುತ್ತೇನೆಂದು ಬೆಂಗಳೂರಿನ ಸಾಫ್ಟ್‌ವೇರ್ ಮಹಾಶಯನೊಬ್ಬ ಘೋಷಿಸಿದ್ದೇ ತಡ, ಮನೆಯ ಊಟದ ಮೇಜಿನ ಮೇಲೆ ಅನ್ನಕ್ಕೆ ಜಾಗವಿಲ್ಲದಂತಾಯಿತು. ನಕ್ಷೆ ಬಿಡಿಸಿದವನ ಕಣ್ಣಿಗೆ ಮೊದಲು ಬಿದ್ದದ್ದು ತಂಗ್ಲಾಂಗ್ ಲಾ ಕಣಿವೆಮಾರ್ಗ: 5,300 ಮೀಟರಿಗೂ ಎತ್ತರ. ಆತ ಈವರೆಗೆ ಗೆದ್ದ ಶಿಖರವೆಂದರೆ ನಂದಿಬೆಟ್ಟ. 1,478 ಮೀಟರ್, ಮೇಲೆ ಬಿಸಿ ಕಾಫಿ. ತಂಗ್ಲಾಂಗ್ ಲಾದಲ್ಲಿ ಕಾಫಿಯ ಮಾತಿರಲಿ, ಉಸಿರಿಗೇ ಅರ್ಧ ರೇಷನ್.

ಬಿಸಿಲೇರಿದಂತೆ ಹಿಮ ಕರಗಿ ಹಳ್ಳಗಳು ರಸ್ತೆಯ ಮೇಲೇ ನುಗ್ಗುತ್ತವೆ, ಬೆಳಗಾಗುತ್ತಲೇ ದಾಟಬೇಕು ಎಂದು ಓದಿದ. ಭಾನುವಾರ ಹತ್ತಕ್ಕೆ ಮೊದಲು ಏಳದವನ ಹೆಂಡತಿ ನಕ್ಕಳು, ಅಷ್ಟೆ.

ಆಮೇಲೆ ಭಾರದ ಲೆಕ್ಕ. ಗ್ರಾಂ ಗ್ರಾಂ ಉಳಿಸಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಕತ್ತರಿಸಿದ. ಅದೇ ಚೀಲಕ್ಕೆ ಅಮ್ಮ ಎರಡು ಕಿಲೋ ಚಟ್ನಿಪುಡಿ, ಕೋಡುಬಳೆ ತುರುಕಿದರು. ದಾರಿಯಲ್ಲಿ ಸಿಗುವ 21 ತಿರುವುಗಳ ಗಾಟಾ ಲೂಪ್ಸ್‌ನಲ್ಲಿ ಬಾಯಾರಿ ಸತ್ತ ಲಾರಿ ಕ್ಲೀನರ್‌ನ ದೆವ್ವವಿದೆಯೆಂಬ ನಂಬಿಕೆ. ದಾರಿಹೋಕರು ನೀರಿನ ಬಾಟಲಿ ಇಟ್ಟೇ ಮುಂದೆ ಹೋಗುತ್ತಾರೆ. ವಿಜ್ಞಾನ ಪದವೀಧರ ನಮ್ಮ ನಾಯಕ ಸುತ್ತ ಒಮ್ಮೆ ನೋಡಿ, ಪಟ್ಟಿಗೆ ಇನ್ನೊಂದು ಲೀಟರ್ ಸೇರಿಸಿದ. ಒಂದು ಕಿಲೋ ಭಾರ, ಅದೂ ಏರಿನಲ್ಲಿ!

ಅದೇ ದಾರಿಯ ಟಾಂಡಿಯಲ್ಲಿ ಮುಂದಿನ ಪೆಟ್ರೋಲ್ ಬಂಕ್ 365 ಕಿಲೋಮೀಟರ್ ದೂರ ಎಂಬ ಪ್ರಸಿದ್ಧ ಫಲಕವಿತ್ತಲ್ಲ, ಅದನ್ನು ನೆನೆದು ಮಾತ್ರ ಆತ ಬೀಗಿದ.

ಉಳಿದದ್ದು ದೇಣಿಗೆ. ಕಿಲೋಮೀಟರಿಗೆ ಹತ್ತು ರೂಪಾಯಿ ಎಂದು ದರ ಗೊತ್ತು ಮಾಡಿದ. ನಿವೃತ್ತ ಆಡಿಟರ್ ಸೋದರಮಾವ ಕನ್ನಡಕ ಏರಿಸಿದರು: “ಇಳಿಜಾರಿನಲ್ಲಿ ತುಳಿಯೋದೇ ಇಲ್ವಲ್ಲಪ್ಪ, ಅದಕ್ಕೂ ಹತ್ತೇನಾ?” ಸದ್ಯಕ್ಕೆ ಚೌಕಾಸಿ ಆರು ರೂಪಾಯಿಯಲ್ಲಿ ನಿಂತಿದೆ.